ಎಡಗಡೆ ಚಕ್ರದ ಕುಂಕುಮ

“ಭೀಮೇಶ್, ನನ್ನ ಕಾರಿಗೆ ಏನ್ ಮಾಡಿದ್ರಿ?”

ಕೆಂಪು ಸ್ಪೋರ್ಟ್ಸ್ ಕಾರಿನ ಕಿಟಕಿಯಿಂದ ಡಾಕ್ಟರ್ ಚೂಡಾಮಣಿಯವರ ತಲೆ ಹೊರಗೆ ಬಂತು. ಟೆಸ್ಟ್ ಡ್ರೈವ್ ಅಂತ ಇಟ್ಟಮಡುವಿನಲ್ಲಿ ಒಂದು ರೌಂಡ್ ಹೊಡೆದು ಬಂದಿದ್ದರು. ಅವರ ಮುಖ ಕಾರಿಗಿಂತ ಕೆಂಪಗಾಗಿತ್ತು.

“ಯಾಕೆ ಮೇಡಂ, ಏನಾಯ್ತು?” ಕಲ್ಯಾಣಿಯ ಅಪ್ಪ ಕೈಯಲ್ಲಿದ್ದ ಸ್ಪ್ಯಾನರ್ ಸಮೇತ ಓಡಿ ಬಂದರು.

“ಸ್ಟೇರಿಂಗ್ ನೆಟ್ಟಗೆ ಹಿಡಿದ್ರೆ ಕಾರು ಎಡಕ್ಕೆ ಹೋಗುತ್ತೆ. ಕಾರು ನೆಟ್ಟಗೆ ಹೋಗ್ಬೇಕಂದ್ರೆ ಸ್ಟೇರಿಂಗ್ ಸೊಟ್ಟ ಹಿಡೀಬೇಕು. ಸುಮ್ನೆ ಮುಟ್ಟಿದ್ರೂ ಹಾರುತ್ತೆ! ಎಳನೀರಿನವನು ನನ್ನ ನೋಡಿ ಮಚ್ಚು ಬಿಟ್ಟು ಓಡಿದ, ಗೊತ್ತಾ? ಬೆಳಿಗ್ಗೆ ತಂದಾಗ್ಲೇ ಇದಕ್ಕಿಂತ ಚೆನ್ನಾಗಿತ್ತು.”

ಮೂಲೆಯಲ್ಲಿ ಹಳೇ ಟೈರಿನ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದ ಕಲ್ಯಾಣಿಯ ಬಾಯಿ ಅಲ್ಲೇ ನಿಂತಿತು.

ಕಲ್ಯಾಣಿ ಐದನೇ ಕ್ಲಾಸು. ದಸರಾ ರಜೆ ಶುರುವಾದಾಗಿನಿಂದ ಅವಳ ಠಿಕಾಣಿ ಅಪ್ಪನ ವೀಲ್ ಅಲೈನ್‌ಮೆಂಟ್ ಅಂಗಡಿಯಲ್ಲೇ. ದಿನಾ ಬರುವವು ಟ್ಯಾಕ್ಸಿಗಳು, ತರಕಾರಿ ಟೆಂಪೋಗಳು. ಸ್ಪೋರ್ಟ್ಸ್ ಕಾರು ಬಂದದ್ದು ಇದೇ ಮೊದಲು. ಜಯನಗರದಲ್ಲಿ ವಾರವೆಲ್ಲ ಹಲ್ಲು ಕೀಳುವ ಡಾಕ್ಟರು ಭಾನುವಾರ ಬಂದರೆ ಹೆಲ್ಮೆಟ್ ಹಾಕಿಕೊಂಡು ರೇಸ್ ಟ್ರ್ಯಾಕಿಗೆ ಹೋಗುತ್ತಾರಂತೆ. ವಯಸ್ಸು ಐವತ್ತೆಂಟು!

ಬೆಳಿಗ್ಗೆ ಅಪ್ಪನಿಗೂ ನೆಲದ ಮೇಲೆ ಕಾಲು ನಿಂತಿರಲಿಲ್ಲ. “ಪುಟ್ಟಿ, ಒಂದು ಪಾದ ಹೊರಕ್ಕೆ ತಿರುಗಿಸ್ಕೊಂಡು ನಡಿ ನೋಡೋಣ” ಅಂದಿದ್ದರು. ಕಲ್ಯಾಣಿ ಎಡಗಾಲನ್ನು ಹೊರಕ್ಕೆ ತಿರುಗಿಸಿ ನಾಲ್ಕು ಹೆಜ್ಜೆ ಇಟ್ಟು, ಸೀದಾ ಹೋಗಿ ಗಾಳಿ ಹೊಡೆಯುವ ಮಷೀನಿಗೆ ಡಿಕ್ಕಿ ಹೊಡೆದಿದ್ದಳು.

“ಅದೇ ನೋಡು ಟೋ ಅಂದ್ರೆ. ಚಕ್ರದ ಮೂತಿ ಎತ್ತ ಕಡೆಗೋ ಕಾರೂ ಅತ್ತ ಕಡೆಗೆ. ಇನ್ನು ಕ್ಯಾಂಬರ್ ಅಂತಿದೆ. ಕಬಡ್ಡಿ ಆಡೋರು ಕಾಲು ಅಗಲಿಸಿ ನಿಲ್ತಾರಲ್ಲ? ಹಂಗೆ ಸ್ಪೋರ್ಟ್ಸ್ ಕಾರಿನ ಚಕ್ರದ ತಲೆ ಒಂಚೂರು ಒಳಕ್ಕೆ ವಾಲಿರ್ಬೇಕು. ಆಗ್ಲೇ ತಿರುವಿನಲ್ಲಿ ರೋಡನ್ನ ಗಟ್ಟಿಯಾಗಿ ಹಿಡ್ಕೊಳ್ಳೋದು. ಟೆಂಪೋಗೆ ಇಷ್ಟೆಲ್ಲ ಬೇಡ. ಇದಕ್ಕೆ ಕೂದಲೆಳೆಯಷ್ಟು ತಪ್ಪಿದ್ರೂ ಗೊತ್ತಾಗತ್ತೆ.”

ಆ ಕೂದಲೆಳೆಯನ್ನು ಅಳೆಯುವುದು ಅಪ್ಪನ ಮಷೀನು. ನಾಲ್ಕು ಚಕ್ರಕ್ಕೂ ಒಂದೊಂದು ಕಪ್ಪು ಹಲಗೆ ಸಿಕ್ಕಿಸುತ್ತಾರೆ, ಅದರ ತುಂಬ ಬಿಳಿ ಚುಕ್ಕಿಗಳು. ಕಂಬದ ಮೇಲಿನ ಕ್ಯಾಮೆರಾ ಆ ಚುಕ್ಕಿಗಳನ್ನು ನೋಡಿ, ಯಾವ ಚಕ್ರ ಎಷ್ಟು ತಿರುಗಿದೆ ಅಂತ ಕಂಪ್ಯೂಟರಿಗೆ ಹೇಳುತ್ತದೆ. ಆ ಹಲಗೆಗಳನ್ನು ಯಾರೂ ಮುಟ್ಟುವ ಹಾಗಿಲ್ಲ. “ಮುಟ್ಟಿದ್ರೆ ಅಂಗಡಿ ಕಡೆ ತಲೆನೂ ಹಾಕೋ ಹಾಗಿಲ್ಲ” ಅಂತ ಅಪ್ಪ ರಜೆಯ ಮೊದಲ ದಿನವೇ ಹೇಳಿದ್ದರು.

ಸರಿ, ಮುಟ್ಟಿರಲಿಲ್ಲ. ಇವತ್ತಿನ ತನಕ.

ಇವತ್ತು ಶುಕ್ರವಾರ. ಅಂಗಡಿಯ ಪೂಜೆ ಕಲ್ಯಾಣಿಯದೇ ಜವಾಬ್ದಾರಿ. ಜ್ಯಾಕಿಗೆ ಕುಂಕುಮ, ಸ್ಪ್ಯಾನರ್ ಪೆಟ್ಟಿಗೆಗೆ ಕುಂಕುಮ, ಕಂಪ್ಯೂಟರಿನ ನೆತ್ತಿಗೆ ಕುಂಕುಮ. ಗೋಡೆಯಲ್ಲಿ ನೇತುಹಾಕಿದ್ದ ಹಲಗೆಗಳ ಮುಂದೆ ಬಂದಾಗ ಅವಳಿಗೆ ಪಾಪ ಅನ್ನಿಸಿತು. ಕಾರಿನ ಕೆಲಸವೆಲ್ಲ ಇವುಗಳದು, ಕುಂಕುಮ ಮಾತ್ರ ಇಲ್ಲ! ಅಪ್ಪನ ಮೊದಲ ಸ್ಪೋರ್ಟ್ಸ್ ಕಾರು ಬೇರೆ, ದೃಷ್ಟಿಯಾದರೆ? ಒಂದು ಹಲಗೆಗೆ, ಒಂದೇ ಒಂದು ಬೊಟ್ಟು ಇಟ್ಟಳು. ಅಷ್ಟೊಂದು ಚುಕ್ಕಿಗಳ ನಡುವೆ ಇನ್ನೊಂದು ಚುಕ್ಕಿ ಏನು ಮಹಾ!

ಡಾಕ್ಟರು ಬಂದ ಸಂಭ್ರಮದಲ್ಲಿ ಅಪ್ಪ ಅದನ್ನು ನೋಡದೆ ಎಡಗಡೆ ಮುಂದಿನ ಚಕ್ರಕ್ಕೆ ಸಿಕ್ಕಿಸಿ, ಕಂಪ್ಯೂಟರ್ ಹೇಳಿದಷ್ಟು ಚಕ್ರ ತಿರುಗಿಸಿಬಿಟ್ಟಿದ್ದರು.

ಈಗ ಕಲ್ಯಾಣಿ ಉಂಗುರದ ಬೆರಳನ್ನು ನೋಡಿಕೊಂಡಳು. ಇನ್ನೂ ಕೆಂಪಗಿತ್ತು. ಗಪ್ಪಂತ ಮುಷ್ಟಿ ಮುಚ್ಚಿದಳು.

ಅಪ್ಪ ಗಾಬರಿಯಲ್ಲಿ ಹಲಗೆಗಳನ್ನು ಸರಿಯಾಗಿ ನೋಡದೆ ಮತ್ತೆ ಅದದೇ ಚಕ್ರಕ್ಕೆ ಸಿಕ್ಕಿಸಿ ಕಂಪ್ಯೂಟರ್ ನೋಡಿದರು. ನಾಲ್ಕು ಚಕ್ರಕ್ಕೂ ಹಸಿರು ಬಂತು.

“ಎಲ್ಲಾ ಕರೆಕ್ಟಾಗಿದೆ ಅಂತಿದೆ ಮೇಡಂ!”

“ಹಾಗಾದ್ರೆ ಎಳನೀರಿನವನು ಯಾಕೆ ಓಡಿದ?” ಅಂದರು ಡಾಕ್ಟರು.

ಅಪ್ಪ ಕಪಾಟಿನಿಂದ ಒಂದು ದಾರದ ಉಂಡೆ ತೆಗೆದರು. ಮಷೀನು ಇಲ್ಲದ ಕಾಲದಲ್ಲಿ ಅವರಿಗೆ ಕೆಲಸ ಕಲಿಸಿದ ಪಿಳ್ಳಣ್ಣ ಮೇಸ್ತ್ರಿ ಕೊಟ್ಟ ದಾರ. “ಪುಟ್ಟಿ, ಈ ತುದಿ ಹಿಡ್ಕೋ. ಅಲ್ಲಾಡಬೇಡ.”

ಕಾರಿನ ಪಕ್ಕಕ್ಕೆ ದಾರ ನೆಟ್ಟಗೆ ನಿಂತಿತು. ಅಪ್ಪ ಮಂಡಿಯೂರಿ ಸ್ಕೇಲು ಹಿಡಿದು, ಎಡಚಕ್ರದ ಮುಂದಿನ ಅಂಚಿಗೂ ದಾರಕ್ಕೂ ಎಷ್ಟು ದೂರ, ಹಿಂದಿನ ಅಂಚಿಗೆ ಎಷ್ಟು ದೂರ ಅಂತ ಅಳೆದರು. ಮತ್ತೊಮ್ಮೆ ಅಳೆದರು.

“ಮೂರು ಮಿಲಿಮೀಟರ್. ಚಕ್ರ ಹೊರಕ್ಕೆ ನೋಡ್ತಿದೆ” ಅಂದರು. ದನಿ ಸಣ್ಣಗಾಗಿತ್ತು. “ದಾರ ಒಂದು ಹೇಳತ್ತೆ, ಮಷೀನು ಒಂದು ಹೇಳತ್ತೆ. ಮಷೀನ್ ಹೋಗಿದೆ ಮೇಡಂ.”

“ಅಯ್ಯೋ, ನಾಡಿದ್ದು ನಂಗೆ ರೇಸ್ ಇದೆಯಲ್ರೀ!”

“ದಾರದಲ್ಲಿ ಟೆಂಪೋ ಮಾಡಬಹುದು. ನಿಮ್ಮ ಕಾರನ್ನ ಮಾಡೋ ಧೈರ್ಯ ನಂಗಿಲ್ಲ. ಬೇರೆ ಕಡೆ ತೋರಿಸ್ಬಿಡಿ. ನನ್ನ ಕೈಲಿ ಆಗಲ್ಲ.”

ಅಪ್ಪ ಒಂದು ರಟ್ಟಿನ ಮೇಲೆ ‘ಮಷೀನ್ ರಿಪೇರಿ’ ಅಂತ ಬರೆದು ಬಾಗಿಲಿಗೆ ಸಿಕ್ಕಿಸಿದರು. ಬರೆಯುವಾಗ ಅವರ ಕೈ ನಿಧಾನವಾಗಿತ್ತು.

ನನ್ನ ಕೈಲಿ ಆಗಲ್ಲ ಅಂತ ಅಪ್ಪ ಅಂದದ್ದನ್ನು ಕಲ್ಯಾಣಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹೇಳಿದರೆ ನಾಳೆಯಿಂದ ಅಂಗಡಿಯಿಲ್ಲ. ಟೈರಿನ ಮೇಲೆ ಕೂರುವುದಿಲ್ಲ, ಕಾರು ಮೇಲೇರಿಸುವ ಬಟನ್ ಒತ್ತುವುದಿಲ್ಲ. ಇಡೀ ರಜೆ ಮನೆಯಲ್ಲೇ ಕೂತು ಗೋಡೆ ನೋಡಬೇಕು.

ಡಾಕ್ಟರು ಬ್ಯಾಗು ಎತ್ತಿಕೊಂಡು ಕಾರಿನ ಬಾಗಿಲು ತೆಗೆದರು.

“ಆಂಟಿ, ಹೋಗ್ಬೇಡಿ!”

ಇಬ್ಬರೂ ತಿರುಗಿ ನೋಡಿದರು. ಕಲ್ಯಾಣಿ ದಾರದ ತುದಿ ಇನ್ನೂ ಹಿಡಿದುಕೊಂಡೇ ನಿಂತಿದ್ದಳು.

“ಅಪ್ಪ, ಮಷೀನ್ ಚೆನ್ನಾಗಿದೆ. ನಾನೇ... ಪೂಜೆ ಮಾಡುವಾಗ ಹಲಗೆಗೆ ಕುಂಕುಮ ಇಟ್ಟೆ. ಒಂದೇ ಒಂದು ಬೊಟ್ಟು. ದೃಷ್ಟಿ ಆಗ್ದೇ ಇರ್ಲಿ ಅಂತ.” ಮುಷ್ಟಿ ಬಿಚ್ಚಿ ಬೆರಳು ತೋರಿಸಿದಳು. ಕಣ್ಣಲ್ಲಿ ನೀರು ತುಂಬಿ ಅಪ್ಪನ ಮುಖ ಮಸುಕಾಯಿತು.

ಅಪ್ಪ ಎಡಚಕ್ರದ ಹಲಗೆ ಬಿಚ್ಚಿ ಬೆಳಕಿಗೆ ಹಿಡಿದರು. ಒದ್ದೆ ಕುಂಕುಮ ಇಳಿದು ಎರಡು ಬಿಳಿ ಚುಕ್ಕಿಗಳು ಅರ್ಧಂಬರ್ಧ ಮುಚ್ಚಿಹೋಗಿದ್ದವು.

“ನಮ್ಮ ಕ್ಲಿನಿಕ್ಕಲ್ಲೂ ಶುಕ್ರವಾರ ಕುಂಕುಮ ಇಡ್ತಾರೆ ಕಣೇ” ಅಂದರು ಡಾಕ್ಟರು, ನಗು ತಡೆದುಕೊಂಡು. “ಕುರ್ಚಿಯ ಬೆನ್ನಿಗೆ. ಒಂದ್ಸಲ ಕೂರೋ ಜಾಗಕ್ಕೆ ಇಟ್ಟು ಪೇಷೆಂಟ್ ಬಿಳಿ ಪಂಚೆ ಕೆಂಪಾಗಿತ್ತು.”

ಅಪ್ಪನಿಗೆ ನಗು ಬರಲಿಲ್ಲ. ಡ್ರಾಯರಿನಿಂದ ಮೆತ್ತನೆಯ ಬಟ್ಟೆ ತೆಗೆದು ಕಲ್ಯಾಣಿಯ ಮುಂದೆ ಹಿಡಿದರು.

“ನೀನೇ ಒರೆಸು.”

“ನಾನು ಮುಟ್ಟಬಹುದಾ?”

“ಮೆತ್ತಗೆ. ಒಂದೊಂದೇ ಚುಕ್ಕಿ.”

ಅವಳು ಉಸಿರು ಬಿಗಿಹಿಡಿದು ಒರೆಸಿದಳು. ಅಪ್ಪ ಹಲಗೆ ಸಿಕ್ಕಿಸಿದರು. ಕಂಪ್ಯೂಟರಿನಲ್ಲಿ ಎಡಚಕ್ರದ ಹಸಿರು ಹೋಗಿ ಕೆಂಪು ಬಂತು.

“ಮೂರು ಮಿಲಿಮೀಟರ್!” ಅಪ್ಪ ಕುಣಿಯುವುದೊಂದು ಬಾಕಿ. “ನೋಡಿ ಮೇಡಂ, ದಾರಾನೂ ಮಷೀನೂ ಈಗ ಒಂದೇ ಮಾತು ಆಡ್ತಿವೆ!” ಕೆಂಪು ಬಂದದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ಕಲ್ಯಾಣಿ ನೋಡೇ ಇರಲಿಲ್ಲ.

ಅಪ್ಪ ಕಾರಿನ ಕೆಳಗೆ ನುಗ್ಗಿದರು. ಸ್ಪ್ಯಾನರ್ ಕಿರ್ ಕಿರ್ ಅಂದಿತು. ಕಲ್ಯಾಣಿ ಪರದೆ ನೋಡಿ ಕೂಗುತ್ತಿದ್ದಳು: “ಎರಡು! ಒಂದು! ಅರ್ಧ! ಅಪ್ಪ ನಿಲ್ಲಿಸಿ, ಹಸಿರು!”

“ಈ ಸಲ ನೀನೂ ಬಾ” ಅಂದರು ಡಾಕ್ಟರು. “ಎಡಕ್ಕೆ ಹೋದ್ರೆ ಬೈಯೋಕೆ ಪಕ್ಕದಲ್ಲೇ ಯಾರಾದ್ರೂ ಬೇಕು.”

ಕಲ್ಯಾಣಿ ಅಪ್ಪನ ಕಡೆ ನೋಡಿದಳು. ಅಪ್ಪ “ಬೆಲ್ಟ್ ಹಾಕ್ಕೋ” ಅಂದರು, ಅಷ್ಟೇ.

ಸೀಟು ಎಷ್ಟು ಕೆಳಗಿತ್ತು ಅಂದರೆ, ಆಟೋಗಳ ಚಕ್ರಗಳೆಲ್ಲ ಅವಳ ಕಿವಿಯ ಮಟ್ಟಕ್ಕೆ ಬಂದವು. ಅಂಗಡಿಯ ಹಿಂದಿನ ಖಾಲಿ ರಸ್ತೆಯಲ್ಲಿ ಡಾಕ್ಟರು ಸ್ಟೇರಿಂಗಿನ ಮೇಲೆ ಕೈಯಿಟ್ಟೇ ಬೆರಳು ಸಡಿಲ ಬಿಟ್ಟರು. ಕಲ್ಯಾಣಿ ಸೀಟಿನ ಅಂಚು ಗಟ್ಟಿಯಾಗಿ ಹಿಡಿದಳು. ಕಾರು ಅತ್ತ ಇಲ್ಲ, ಇತ್ತ ಇಲ್ಲ, ಪಿಳ್ಳಣ್ಣ ಮೇಸ್ತ್ರಿಯ ದಾರದ ಹಾಗೆ ನೆಟ್ಟಗೆ ಹೋಯಿತು. ತಿರುವಿನಲ್ಲಿ ರಸ್ತೆಯನ್ನು ಹಿಡಿದುಕೊಂಡು ಸುಯ್ಯನೆ ತಿರುಗಿತು.

“ಸಖತ್!” ಅಂದರು ಡಾಕ್ಟರು.

ವಾಪಸು ಬರುವಾಗ ದೂರದಿಂದಲೇ ಅಪ್ಪ ಕಾಣಿಸಿದರು. ಅಂಗಡಿಯ ಬಾಗಿಲಲ್ಲಿ ನಿಂತು ಸ್ಪ್ಯಾನರ್ ಒರೆಸುತ್ತಿದ್ದರು. ಆದರೆ ಕಣ್ಣೆಲ್ಲ ರಸ್ತೆಯ ಮೇಲೆ. ಹತ್ತಿರ ಬಂದಂತೆ ಹುಬ್ಬು ಹಾರಿಸಿ, ಹೇಗಿದೆ ಅಂತ ಕೇಳಿದರು.

ಕಲ್ಯಾಣಿ ಕಿಟಕಿಯಿಂದ ಅಂಗೈ ಚಾಚಿ, ಮುಂದಕ್ಕೆ ನೆಟ್ಟಗೆ ಒಂದು ಗೆರೆ ಎಳೆದು ತೋರಿಸಿದಳು. ಉಂಗುರದ ಬೆರಳಿನ ತುದಿ ಇನ್ನೂ ಕೆಂಪಗೇ ಇತ್ತು. ಅವಳು ಮುಚ್ಚಿಕೊಳ್ಳಲಿಲ್ಲ.

ಅಪ್ಪನ ಮುಖದಲ್ಲಿ ಈಗ ನಗು ಬಂತು. ಸ್ಪ್ಯಾನರನ್ನು ಜೇಬಿಗಿಳಿಸಿ, ಬಾಗಿಲಿನ ರಟ್ಟು ಕಿತ್ತು, ಅವಳು ಕೂರುವ ಟೈರಿನ ಮೇಲಿದ್ದ ಚುರುಮುರಿ ಪೊಟ್ಟಣಕ್ಕೆ ನೊಣ ಕೂರದ ಹಾಗೆ ಅದನ್ನೇ ಮುಚ್ಚಿಟ್ಟರು.