ಅಮಸಿದ್ದಪ್ಪನ ಬಂದೂಕಿನ ನಳಿಗೆ

ಪಾತ್ರೆ ತಿಕ್ಕುವ ತಾಮ್ರದ ಜಾಳಿಗೆ ಮೂವತ್ತು ರೂಪಾಯಿ. ಅರ್ಧ ಬಾಟಲಿ ಸೀಮೆಎಣ್ಣೆಗೆ ಈಗ ಕೇಳಿದಷ್ಟು ಕೊಡಬೇಕು. ಹಳೆಯ ಧೋತರದ ಚೂರಿಗೆ ಕಾಸಿಲ್ಲ. ಬಂದೂಕಿನ ನಳಿಗೆಯೊಳಗೆ ಅಂಟಿದ ಸೀಸ ತೆಗೆಯಲು ಇಷ್ಟು ಸಾಕು. ಆದರೆ ಆ ಬಂದೂಕು ಲೈಸೆನ್ಸ್ ಇಲ್ಲದವನ ಕೈಯಲ್ಲಿ ಸಿಕ್ಕರೆ ಖರ್ಚು ಬೇರೆ: ಜಾಮೀನು, ವಕೀಲ, ಕೋರ್ಟಿನ ತಾರೀಖು, ಹೋದ ಪಗಾರ. ಹುನಗುಂದ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಖಾಸಿಂಸಾಬರು ಎರಡೂ ಲೆಕ್ಕ ಬಲ್ಲವರು.

ಮಹಾನವಮಿಗೆ, ಅಂದರೆ ಆಯುಧಗಳನ್ನು ಪೂಜಿಸುವ ಖಂಡೇಪೂಜೆಗೆ ನಾಲ್ಕು ದಿನ ಮೊದಲು, ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ, ಹತ್ತಿರದ ಹಳ್ಳಿಯ ಕನಕಪ್ಪ ಠಾಣೆಗೆ ಬಂದ.

"ನಮ್ಮಪ್ಪನ ಬಂದೂಕು ಕಳುವಾಗೇತ್ರಿ."

ಅವನ ಅಪ್ಪ ಅಮಸಿದ್ದಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಕುರಿಹಿಂಡಿಗೆ ತೋಳ ಬಿದ್ದರೆ ಗಾಳಿಯಲ್ಲಿ ಒಂದು ಗುಂಡು ಹಾರಿಸಲೆಂದು ಮುದುಕ ಇಟ್ಟುಕೊಂಡಿದ್ದ ಒಂಟಿ ನಳಿಗೆಯ ಬಂದೂಕು ಅದು. ಪ್ರತಿ ಚುನಾವಣೆಗೂ ಅದನ್ನು ಕರಿಕಂಬಳಿಯಲ್ಲಿ ಸುತ್ತಿ ತಂದು ಠಾಣೆಗೆ ಒಪ್ಪಿಸುತ್ತಿದ್ದ. "ಹವಾಲ್ದಾರ, ಕೂಸು ಬಂತು, ಚಂದಾಗಿ ನೋಡ್ಕೋ," ಎನ್ನುತ್ತಿದ್ದ. ಮರಳಿ ಒಯ್ಯುವಾಗ ಕಿಟಕಿಯ ಬೆಳಕಿಗೆ ನಳಿಗೆ ಹಿಡಿದು ಒಂದು ಕಣ್ಣು ಮುಚ್ಚಿ, "ಧೂಳ ಕುಂತೈತಲೇ, ನಿನ್ನ ಪಗಾರ ದಂಡ," ಎಂದು ಬೈಯುತ್ತಿದ್ದ. ಆಮೇಲೆ ಇಬ್ಬರೂ ಚಹಾ ಕುಡಿಯುತ್ತಿದ್ದರು. ಖಾಸಿಂಸಾಬರಿಗೆ ಆ ಬೈಗುಳ ನೆನಪಾಯಿತು.

"ಲೈಸೆನ್ಸಿದ್ದಾವ್ರು ತೀರಿದ ಮ್ಯಾಲೆ ಬಂದೂಕು ಠಾಣಿಗೆ ಕೊಡಬೇಕಿತ್ತಲ್ಲ?" ಇನ್‌ಸ್ಪೆಕ್ಟರ್ ಸುನಿತಾ ಕೇಳಿದರು.

"ಬಾಗಲಕೋಟಿಯಾಗ ಮಾರಬೇಕಂತ ಇಟ್ಟಿದ್ದೆರಿ."

ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಕನಕಪ್ಪನ ಮನೆಯಲ್ಲಿ ಪಂಚನಾಮೆ. ಬಂದೂಕು ಇಟ್ಟಿದ್ದ ಟ್ರಂಕಿನ ಕೀಲಿ ಮುರಿದಿರಲಿಲ್ಲ. ಕೀಲಿಕೈ ಮನೆದೇವರು ಬೀರಪ್ಪನ ಫೋಟೋದ ಹಿಂದಿನ ಮೊಳೆಯಲ್ಲೇ ಇತ್ತು. ಬೆಳ್ಳಿಯ ಕಡಗ ಟ್ರಂಕಿನಲ್ಲೇ ಇತ್ತು. ಬಂದೂಕು ಮತ್ತು ಕಂಬಳಿ ಮಾತ್ರ ಇರಲಿಲ್ಲ. ಮೂಲೆಯಲ್ಲಿ, ತುದಿಗೆ ಉಸುಕಿನ ಕಾಗದ ಸುತ್ತಿದ ಕಬ್ಬಿಣದ ಸಲಾಕೆ ನಿಂತಿತ್ತು.

"ಇದೇನೋ ಕನಕಪ್ಪ?" ಖಾಸಿಂಸಾಬರು ಕೇಳಿದರು.

"ನಳಿಗ್ಯಾಗ ಸೀಸ ಕುಂತೈತಿ, ಇಂಥಾದ್ದು ಒಲ್ಲೆ ಅಂದ್ನಿರಿ ಬಂದೂಕಿನ ಅಂಗಡಿಯಾಂವ. ತಿಕ್ಕಿ ಒಯ್ಯೂಣಂತ ಮಾಡಿದ್ದೆ."

"ಒಳಗ ಹಾಕಿದಿ ಏನು?"

"ಎಲ್ಲಿದ್ರಿ! ನಿನ್ನೆ ಸಂಜಿಕ ನೋಡಿದ್ರ ಬಂದೂಕಽ ಇಲ್ಲ."

ಖಾಸಿಂಸಾಬರು ಉಸಿರು ಬಿಟ್ಟರು. ಉಸುಕಿನ ಕಾಗದ ಸೀಸದ ಜೊತೆ ಉಕ್ಕನ್ನೂ ತಿನ್ನುತ್ತದೆ. ಗೀರು ಬಿದ್ದ ನಳಿಗೆಯಲ್ಲಿ ಸೀಸ ಮತ್ತಷ್ಟು ಬೇಗ ಕೂರುತ್ತದೆ.

ಕನಕಪ್ಪನ ತಾಯಿ ಬೋರವ್ವ ಕಟ್ಟೆಯ ಮೇಲೆ ಕೂತಿದ್ದಳು.

"ಕಳ್ಳ ಬಂದ, ಒಯ್ದ. ನನಗೇನ್ ಗೊತ್ತು?"

"ಕಂಬಳಿ ಯಾಕ ಒಯ್ದ ಬೇ?" ಖಾಸಿಂಸಾಬರು ಕೇಳಿದರು.

"ಥಂಡಿ ಹತ್ತಿತ್ತೇನೋ."

"ಈ ಶೆಕಿಯಾಗ?"

ಮುದುಕಿ ಸೆರಗು ಬಾಯಿಗೆ ಹಿಡಿದಳು. ಅಳುವೋ ನಗೆಯೋ ತಿಳಿಯಲಿಲ್ಲ.

ಜೀಪಿನಲ್ಲಿ ಖಾಸಿಂಸಾಬರು ಹೇಳಿದರು: "ಈ ಕಳ್ಳಗ ಬೆಳ್ಳಿ ಬ್ಯಾಡಾತು, ಕಂಬಳಿ ಬೇಕಾತು ನೋಡ್ರಿ ಮೇಡಮ್ಮರ. ಆ ಬಂದೂಕು ಹ್ಯಾಂಗ ಒಯ್ಯಬೇಕಂತ ಗೊತ್ತಿದ್ದಾಂವ. ಸಣ್ಣ ಮಗ ಮಾಳಿಂಗರಾಯ ಇಳಕಲ್ಲದಾಗ ಪಾವರ್‌ಲೂಮ್ ರಿಪೇರಿ ಮಾಡ್ತಾನ."

"ಸಂಶಯ ಸಾಲೂದಿಲ್ಲ. ಸಾಕ್ಷಿ?"

"ಸೀಸಕ್ಕ ತಾಮ್ರ, ಅದಕ್ಕಿಂತ ಗಟ್ಟಿ ಒಳಗ ಹೋಗಬಾರದು ಅಂತಿದ್ದ ಅವರಪ್ಪ. ತಾಮ್ರದ ಜಾಳಿ ಒಯ್ದಾನೇನಂತ ಪಾತ್ರಿ ಅಂಗಡ್ಯಾಗ ಕೇಳೂಣ್ರಿ."

ಇಳಕಲ್ಲಿನ ಎರಡನೆಯ ಅಂಗಡಿಯ ಸಂಗಯ್ಯ ಮಾಳಿಂಗರಾಯನ ಫೋಟೋ ನೋಡಿ ನಕ್ಕ.

"ಇವನಽ ರೀ! ನಿನ್ನೆ ಸಂಜಿಕ ಬಂದಿದ್ದ. ಜಾಳಿಗೆ ಲೋಹಚುಂಬಕ ಹಚ್ಚಿ ನೋಡ್ತಾನ! ಮ್ಯಾಲೆ ತಾಮ್ರದ ಬಣ್ಣ, ಒಳಗ ಕಬ್ಬಣ ಅಂತ ನಾಕು ವಾಪಸ್ ಕೊಟ್ಟ. ಕನ್ಯಾ ನೋಡಾಕ ಬಂದಾವ್ರೂ ಇಷ್ಟು ಪರೀಕ್ಷಾ ಮಾಡೂದಿಲ್ಲ."

ನಾಲ್ಕೂಕಾಲಿಗೆ ಮಾಳಿಂಗರಾಯನ ಖೋಲಿ ಸಿಕ್ಕಿತು. ಬಾಗಿಲು ತೆರೆದೇ ಇತ್ತು. ನೆಲದಲ್ಲಿ ಕಂಬಳಿ, ಅದರ ಮೇಲೆ ಬಿಚ್ಚಿದ ನಳಿಗೆ, ಪಕ್ಕದ ಬಟ್ಟಲಲ್ಲಿ ಬೂದು ಬಣ್ಣದ ಸೀಸದ ಸಿಪ್ಪೆ. ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆಸಿ, ಹಳೆಯ ಬ್ರಷ್ಷಿಗೆ ತಾಮ್ರದ ಎಳೆ ಸುತ್ತಿ, ಬಾಯಿಯ ಅಂಚು ಸವೆಯದಂತೆ ಹಿಂಬದಿಯಿಂದಲೇ ತಳ್ಳಿದ್ದ. ಅಪ್ಪ ಕಲಿಸಿದ ಹಾಗೆಯೇ.

ಅವನು ಓಡಲಿಲ್ಲ. "ಬರ್ರಿ ಕಾಕಾ," ಎಂದ.

"ಯಾಕ ತಂದಿ?" ಸುನಿತಾ ಕೇಳಿದರು.

"ಅಣ್ಣ ಉಸುಕಿನ ಕಾಗದ ತಂದಿದ್ದ ರೀ. ಬ್ಯಾಡಂದ್ರ ಕೇಳಲಿಲ್ಲ. ಖಂಡೇಪೂಜಿಗೆ ಬೀರಪ್ಪನ ಮುಂದ ಇಡಬೇಕಲ್ರಿ, ಅವತ್ತ ಒಯ್ದು ಇಡಾಂವಿದ್ದೆ."

"ಕೀಲಿಕೈ ಯಾರು ಕೊಟ್ಟರು?"

"ಎಲ್ಲಿರ್ತೈತಂತ ನನಗ ಗೊತ್ತಿತ್ತು." ಅವನು ನೆಲ ನೋಡಿದ. "ಇನ್ನೊಂದು ಧೋತರದ ಅರಿವಿ ಎಳದರ ಮುಗೀತು. ಎಳೀಲೇನ್ರಿ?"

"ಬ್ಯಾಡ. ಈಗ ಇದು ಕೇಸಿನ ಸಾಕ್ಷಿ, ಮುದ್ದೆಮಾಲು. ಕೈ ತಗಿ."

ಅವನು ಕೈ ತೆಗೆದ. ಜಪ್ತಿ ಪಂಚನಾಮೆ ಮುಗಿಸಿ, ಐದೂವರೆಗೆ ದಸ್ತಗಿರಿ ಮಾಡಿದರು.

ಸುದ್ದಿ ಕೇಳಿ ಕನಕಪ್ಪ ಠಾಣೆಗೆ ಓಡಿ ಬಂದ. "ನನ್ನ ತಮ್ಮ ಅಂತ ಗೊತ್ತಿದ್ದಿಲ್ರಿ. ಕೇಸು ವಾಪಸ್ ತಗೋರಿ."

"ಕಳವಿನ ಮಾತು ನೀ ಬಿಟ್ಟರೂ ಆಯುಧದ ಕಾಯ್ದೆ ಬಿಡೂದಿಲ್ಲ. ಠಾಣಿಗೆ ಕೊಡದ ಇಟ್ಕೊಂಡಿದ್ದಕ್ಕ ನಿನ್ನ ಮ್ಯಾಲೂ ಬರ್ತೈತಿ," ಎಂದರು ಸುನಿತಾ.

ಕನಕಪ್ಪ ತಮ್ಮನ ಪಕ್ಕದ ಬೆಂಚಿನಲ್ಲಿ ಕುಸಿದು ಕೂತ. "ಅಪ್ಪ ನನಗೂ ಕಲಿಸಿದ್ದಲೇ," ಎಂದ. "ನಾ ಮರತೆ."

ಸೀಲು ಹಾಕುವ ಮೊದಲು ಸುನಿತಾ ಖಾಸಿಂಸಾಬರತ್ತ ನೋಡಿದರು. "ತುಕ್ಕು ಹಿಡಿದರ ನಮ್ಮ ಮ್ಯಾಲೆ ಬರ್ತೈತಿ. ಪಂಚರ ಮುಂದ ಒಂದು ಒಣ ಅರಿವಿ, ಮ್ಯಾಲೊಂದಿಷ್ಟು ಎಣ್ಣಿ."

ಖಾಸಿಂಸಾಬರು ಬಟ್ಟೆ ಎಳೆದರು. ಅದು ಬೆಳ್ಳಗೆ ಹೊರಬಂತು. ನಳಿಗೆಯನ್ನು ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. ಆ ತುದಿಯವರೆಗೂ ಬೆಳಕು ತಡೆಯಿಲ್ಲದೆ ಹರಿದಿತ್ತು. ಬೈಯುವವನು ಮಾತ್ರ ಇರಲಿಲ್ಲ.

ಆ ವರ್ಷ ಖಂಡೇಪೂಜೆಗೆ ಬೀರಪ್ಪನ ಮುಂದೆ ಬಂದೂಕಿನ ಜಾಗ ಖಾಲಿ ಇತ್ತು. ನಳಿಗೆ ಉಳಿಯಿತು. ಅದನ್ನು ಹಿಡಿಯುವ ಹಕ್ಕು ಆ ಮನೆಯಲ್ಲಿ ಯಾರಿಗೂ ಉಳಿಯಲಿಲ್ಲ.