ಕದಲಿಸದ ಆಯುಧಪೂಜೆ

ನಿಮ್ಮ ತಾತನ ತಾತನಿಗೂ ನೆನಪಿಲ್ಲದಷ್ಟು ಹಿಂದೆ ತೋರಣಪಟ್ಟಣ ಅಂತ ಒಂದು ರಾಜ್ಯವಿತ್ತು. ಅಲ್ಲಿ ಬಂಡಿಗೆ ಎತ್ತೂ ಬೇಡ, ಕುದುರೆಯೂ ಬೇಡ. ಮುಂದುಗಡೆ ಆನೆಯ ಮುಖ ಕೆತ್ತಿದ ಮರದ ಬಂಡಿಗಳು ತಾವೇ ನಡೆಯುತ್ತಿದ್ದವು. ನಡೆಬಂಡಿ ಅಂತ ಅವಕ್ಕೆ ಹೆಸರು. ಸಂತೆಗಾಗಲಿ, ನೆಂಟರ ಮನೆಗಾಗಲಿ, ಊರಿನ ಮಂದಿಯೆಲ್ಲ ಅದರಲ್ಲೇ ಹೋಗೋದು. ನಾಲ್ಕು ದಾರಿ ಕೂಡುವ ಕಡೆಯೆಲ್ಲ ಕಂಬದ ಮೇಲೆ ಒಂದೊಂದು ಕಲ್ಲಿನ ಗಿಳಿ. ಗಿಳಿ ಕೆಂಪು ಕೊಕ್ಕು ಎತ್ತಿದರೆ ಬಂಡಿ ನಿಲ್ಲಬೇಕು, ಹಸಿರು ರೆಕ್ಕೆ ಬಿಚ್ಚಿದರೆ ಹೊರಡಬೇಕು. ಎಷ್ಟು ಚೆನ್ನಾಗಿತ್ತು ನೋಡಿ. ಚೆನ್ನಾಗಿರೋದನ್ನ ಅದರ ಪಾಡಿಗೆ ಇರೋಕೆ ಬಿಡಬೇಕಲ್ಲ, ಬಿಡೋದಿಲ್ಲ ಈ ಜನ.

ಬಂಡಿ ಮಾಯೆಯದೇ ಆದರೂ ಅಚ್ಚು ಮರದ್ದೇ ತಾನೆ? ಸವೆಯುತ್ತೆ. ಗಿಳಿಯ ಕತ್ತಿನ ಕೀಲಿಗೂ ಆಗಾಗ ಎಣ್ಣೆ ಬೇಕು. ಆ ಕೆಲಸವೆಲ್ಲ ಬಂಡಿಚಾವಡಿಯವರದು. ದೇವೀರಿ ಅನ್ನೋ ಹುಡುಗಿ ಅಲ್ಲಿ ಸುತ್ತಿಗೆ ಹಿಡಿದು ದುಡಿಯುತ್ತಿದ್ದಳು. ಅವಳ ಅಣ್ಣ ಹೊಂಬಯ್ಯ ಕೋಟೆಬೀದಿಯ ಬಂಡಿ ಓಡಿಸುತ್ತಿದ್ದ. ತಂದೆತಾಯಿ ಇಲ್ಲದ ಮನೆಯಲ್ಲಿ ಅವಳನ್ನು ಎತ್ತಿ ಆಡಿಸಿ ಬೆಳೆಸಿದವನು ಅವನೇ.

ಒಂದು ವರ್ಷ ನವರಾತ್ರಿಗೆ ಧೂಮಾಕ್ಷ ಅನ್ನೋ ಮಾಂತ್ರಿಕ ಪುರೋಹಿತನ ವೇಷ ಹಾಕಿಕೊಂಡು ಬಂದ. ಆಯುಧಪೂಜೆಯ ದಿನ ಚಾವಡಿಯ ಸುತ್ತಿಗೆ, ಇಕ್ಕಳ, ಉಳಿ, ಕೀಲೆಣ್ಣೆಯ ಗಿಂಡಿ ಎಲ್ಲವನ್ನೂ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಹೂವೇರಿಸೋದು ಅಲ್ಲಿನ ಪದ್ಧತಿ. ಪೂಜೆಗಿಟ್ಟ ಮೇಲೆ ಯಾರೂ ಮುಟ್ಟೋ ಹಾಗಿಲ್ಲ. ಮಾರನೆಯ ದಿನ ಪುರೋಹಿತರು ಅಕ್ಷತೆ ಹಾಕಿ ಒಂಚೂರು ಕದಲಿಸಬೇಕು, ಆಮೇಲೇ ಕೆಲಸಕ್ಕೆ ತಗೊಳ್ಳೋದು. ಧೂಮಾಕ್ಷ ಪೂಜೆಯನ್ನೇನೋ ಜೋರಾಗಿಯೇ ಮಾಡಿದ. ಕದಲಿಸಲಿಲ್ಲ. ಬದಲಿಗೆ ರಾಜ ಮಹೀಧರನ ಕಿವಿ ಊದಿದ. ಇಂಥ ಪುಣ್ಯದ ಹಬ್ಬ ಒಂದೇ ದಿನಕ್ಕೆ ಯಾಕೆ ಮುಗಿಯಬೇಕು, ರಾಜ್ಯದಲ್ಲಿ ಯಾರು ಯಾವ ಆಯುಧಕ್ಕೆ ಪೂಜೆ ಮಾಡಿದರೂ ಅದೆಲ್ಲ ಒಂದೇ ಪೂಜೆ, ನಾನು ಕದಲಿಸುವವರೆಗೂ ದಿನಾ ಆಯುಧಪೂಜೆಯೇ ಅಂತ ಸಾರಿಸಿಬಿಡಿ ಅಂದ. ಪುಣ್ಯ ಅಂದರೆ ಆ ರಾಜನ ಬಾಯಲ್ಲಿ ನೀರೂರುತ್ತಿತ್ತು. ಹಿಂದೆಮುಂದೆ ನೋಡದೆ ಡಂಗುರ ಹೊಡೆಸಿಯೇಬಿಟ್ಟ. ಸಾರಿದ ಮಾತು ಮಂತ್ರವಾಗಿ ಕೂತಿತು. ಅಂದಿನಿಂದ ಸುತ್ತಿಗೆ ಎತ್ತಲು ಹೋದವರ ಕೈ ಹೊಗೆ ಹಿಡಿದ ಹಾಗೆ ಅದರೊಳಗಿಂದ ಹಾದುಹೋಗುತ್ತಿತ್ತು.

ಆಮೇಲೆ ಏನಾಗಬೇಕೋ ಅದೇ ಆಯಿತು. ಎಣ್ಣೆ ಕಾಣದ ಗಿಳಿಗಳ ಕತ್ತು ಸಿಕ್ಕಿಕೊಂಡು, ಎತ್ತಿದ ಕೊಕ್ಕು ಇಳಿಯಲೇ ಇಲ್ಲ. ಬಂಡಿಗಳು ನಿಂತಲ್ಲೇ ನಿಂತವು. ಒಂದು ಮದುವೆ ದಿಬ್ಬಣದವರಂತೂ ಕಾದು ಕಾದು ಸಾಕಾಗಿ, ಮುಹೂರ್ತ ಮೀರುತ್ತೆ ಅಂತ ಬೀದಿ ನಡುವೆಯೇ ತಾಳಿ ಕಟ್ಟಿಸಿದರು. ಆಗ ಧೂಮಾಕ್ಷ ತನ್ನ ಹೆಗಲಭೂತಗಳನ್ನು ಊರೊಳಗೆ ಬಿಟ್ಟ. ಅವು ಜನರನ್ನು ಹೆಗಲ ಮೇಲೆ ಹೊತ್ತು ಒಯ್ಯುತ್ತಿದ್ದವು. ಕೂಲಿ ಅಂದರೆ, ಹತ್ತಿದವರ ಆಯುಸ್ಸಿನಲ್ಲಿ ಒಂದು ದಿನ. ಅದು ನೇರವಾಗಿ ಮಾಂತ್ರಿಕನ ಆಯುಸ್ಸಿಗೆ ಸೇರುತ್ತಿತ್ತು. ಅಷ್ಟು ಕಿತ್ತುಕೊಂಡೂ ನೆಟ್ಟಗೆ ಬರುತ್ತಿದ್ದವಾ? ಸಂತೆಪೇಟೆಗೆ ಬಾರಪ್ಪ ಅಂದರೆ, ಆ ಕಡೆ ಬರಲ್ಲ ಅಂತ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವು. ಭೂತಕ್ಕೂ ಅಷ್ಟು ಕೊಬ್ಬು.

ಹೊಂಬಯ್ಯನ ಪಾಡು ಯಾರಿಗೂ ಬೇಡ. ಅವನ ಬಂಡಿಯ ಚಕ್ರವನ್ನು ಒತ್ತಿ ನಿಲ್ಲಿಸುವ ಮರದ ತುಂಡು ಪೂರ್ತಿ ಸವೆದು, ಬಂಡಿ ನಿಲ್ಲೋದನ್ನೇ ಬಿಟ್ಟಿತು. ಒಳಗಿದ್ದವರು ಹೇಗೋ ಹುಲ್ಲಿನ ಮೆದೆ ಮೇಲೆ ಹಾರಿ ಬದುಕಿಕೊಂಡರು. ಅವನು ಮಾತ್ರ ಇಳಿಯುವಂತಿರಲಿಲ್ಲ, ಕೈಬಿಟ್ಟರೆ ಬಂಡಿ ಜನರ ಮೇಲೆ ನುಗ್ಗುತ್ತೆ. ಕೋಟೆಯ ಸುತ್ತ ತಿರುಗಿದ್ದೇ ತಿರುಗಿದ್ದು. ದೇವೀರಿ ಪಕ್ಕದಲ್ಲಿ ಓಡುತ್ತಾ ಮುದ್ದೆಯೋ ನೀರೋ ಅವನ ಕೈಗೆ ಕೊಡುತ್ತಿದ್ದಳು. ಕೊನೆಗೆ ಅಚ್ಚಿನಿಂದ ಹೊಗೆ ಏಳತೊಡಗಿತು. ಅದು ಮುರಿದರೆ ಸೇತುವೆ ಮೇಲಿಂದ ಬಂಡಿಯೂ ಅಣ್ಣನೂ ಮೊಸಳೆಯ ಕಂದಕಕ್ಕೆ.

"ಬೇಗ ಏನಾದರೂ ಮಾಡವ್ವ," ಅಂದ ಅಣ್ಣ, ಹಾದುಹೋಗುತ್ತಾ.

ದೇವೀರಿ ರಾಜನ ಹತ್ತಿರ ಓಡಿದಳು. ರಾಜ ಪುಣ್ಯದ ವಿಷಯ ಹೇಳತೊಡಗಿದ. ಅವಳು ಪೂರ್ತಿ ಕೇಳಲೂ ಇಲ್ಲ, ನೇರ ಹೊಗೆಬೆಟ್ಟಕ್ಕೆ ಹೊರಟಳು. ಧೂಮಾಕ್ಷನ ಕೋಟೆ ಇದ್ದದ್ದು ಅಲ್ಲೇ.

ಮೊದಲ ಬಾಗಿಲಲ್ಲಿ ಮೂರು ತಲೆಯ ಹಾವು. ಒಳಗೆ ಬಿಡು ಅಂದರೆ, ಇದು ನನಗೆ ಸೇರಿದ್ದಲ್ಲ, ನಡುವಿನ ತಲೆಯನ್ನ ಕೇಳು ಅಂತು ಮೊದಲನೆಯದು. ನಡುವಿನದು ಯಾವ ಊರು, ಯಾವ ಬೀದಿ, ಯಾರ ಮಗಳು ಅಂತೆಲ್ಲ ವಿಚಾರಿಸಿ, ಕೊನೆಯ ತಲೆಯ ಕಡೆ ಕಳಿಸಿತು. ಆ ತಲೆ ನಿದ್ದೆಯಿಂದೆದ್ದು ಆಕಳಿಸಿ, ಮೊದಲನೆಯದನ್ನ ಕೇಳಿದೆಯಾ ಅಂತು. ದೇವೀರಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನೀವು ಮೂವರೂ ಕೂತು ಮಾತಾಡಿಕೊಂಡು ಹೇಳಿ ಅಂದಳು. ತಲೆಗಳು ಒಂದರ ಕಡೆ ಒಂದು ತಿರುಗಿ ಜಗಳಕ್ಕೆ ಬಿದ್ದವು. ಅವಳು ಪಕ್ಕದಲ್ಲೇ ನಡೆದುಹೋದಳು.

ಎರಡನೆಯ ಬಾಗಿಲಲ್ಲಿ ಕಬ್ಬಿಣದ ಹುಲಿ. ಅದಕ್ಕೆ ಒಂದೇ ಮಾತು ಗೊತ್ತು, ನಾಳೆ ಬಾ. ಅಳಲು ತೋಡಿಕೊಂಡರೂ ನಾಳೆ ಬಾ, ಬೈದರೂ ನಾಳೆ ಬಾ. ರೋಸಿಹೋಗಿ ಅವಳು ಬಂಡೆಯ ಹಿಂದೆ ಹೋಗಿ ಮುಖ ತೊಳೆದುಕೊಂಡು ಮತ್ತೆ ಬಂದಳು. ನಿನ್ನೆ ನೀನೇ ನಾಳೆ ಬಾ ಅಂದೆಯಲ್ಲ, ಬಂದಿದ್ದೀನಿ ಅಂದಳು. ದಿನಾ ಅದೇ ಹಬ್ಬ ಆದಮೇಲೆ ಹುಲಿಗೆ ಯಾವುದು ನಿನ್ನೆ ಯಾವುದು ಇವತ್ತು ಅಂತ ಹೇಗೆ ತಿಳಿಯಬೇಕು? ಪಾಪ, ದಾರಿ ಬಿಟ್ಟಿತು.

ಮೂರನೆಯವನು ಧೂಮಾಕ್ಷನೇ. ಜನರ ದಿನಗಳನ್ನು ನುಂಗಿ ನುಂಗಿ ಹದಿನಾರರ ಹುಡುಗನಂತೆ ಮಿರಮಿರ ಮಿಂಚುತ್ತಾ ಉಯ್ಯಾಲೆಯಲ್ಲಿ ಕೂತಿದ್ದ. ಮಂತ್ರದಂಡ ಪಕ್ಕದ ಮಣೆ ಮೇಲಿತ್ತು. ದೇವೀರಿ ಅಣ್ಣನ ಕತೆ ಹೇಳಿ, ದಯವಿಟ್ಟು ಪೂಜೆ ಕದಲಿಸಿ ಅಂತ ಕೈಮುಗಿದಳು. ಅವನು ನಕ್ಕ. ನಿನ್ನ ಅಣ್ಣನ ಬಂಡಿ ನೀರಿಗೆ ಬೀಳುವಾಗ ಹೇಳು, ನೋಡೋಕೆ ಬರ್ತೀನಿ ಅಂದ. ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಮೆತ್ತಗೆ ಕೇಳಿದಳು.

"ಇವತ್ತೂ ಆಯುಧಪೂಜೆಯೇ ತಾನೆ ಸ್ವಾಮಿ?"

"ದಿನಾ ಆಯುಧಪೂಜೆಯೇ. ಗೊತ್ತಿಲ್ವಾ?"

"ಮತ್ತೆ ನಿಮ್ಮ ದಂಡಕ್ಕೇ ಪೂಜೆ ಆಗಿಲ್ವಲ್ಲ," ಅಂದವಳೇ, ಹಣೆಯ ಕುಂಕುಮವನ್ನು ಬೆರಳಿಗೆ ತೆಗೆದು ದಂಡಕ್ಕೆ ಹಚ್ಚಿ, ಮುಡಿಯ ಹೂವನ್ನು ಅದರ ಮೇಲಿಟ್ಟಳು.

ಧೂಮಾಕ್ಷ ದಂಡಕ್ಕೆ ಕೈಹಾಕಿದ. ಕೈ ಹಾದುಹೋಯಿತು. ಮತ್ತೆ ಹಾಕಿದ, ಮತ್ತೆ ಹಾದುಹೋಯಿತು. ಹಿಡಿಯುವವರಿಲ್ಲದ ದಂಡದ ಮಂತ್ರ ಸಡಿಲವಾಗಿ ಕೋಟೆಯ ಗೋಡೆ ಹೊಗೆಯಾಗತೊಡಗಿತು. ಕದಲಿಸು, ಕದಲಿಸು ಅಂತ ಅವನು ಅವಳ ಮೇಲೆ ಕೂಗಾಡಿದ. ಎಲ್ಲ ಪೂಜೆಯೂ ಒಂದೇ, ನೀವೇ ಕದಲಿಸಬೇಕು ಅಂತ ಸಾರಿಸಿದವರು ಯಾರು ಅಂತ ಕೇಳಿದಳು. ಕಾಲ ಕೆಳಗಿನ ನೆಲವೂ ತೆಳುವಾಗುತ್ತಿತ್ತು. ಬೇರೆ ದಾರಿಯಿಲ್ಲದೆ ಅವನು ಅಕ್ಷತೆ ಹಾಕಿ ಮಂತ್ರ ಹೇಳಿದ. ದಂಡ ಕದಲಿತು. ಅಲ್ಲಿ ಊರಲ್ಲಿ ಸುತ್ತಿಗೆ ಕದಲಿತು, ಇಕ್ಕಳ ಕದಲಿತು, ಕೀಲೆಣ್ಣೆಯ ಗಿಂಡಿ ಕದಲಿತು. ಅವನು ಕೈ ಚಾಚುವ ಮೊದಲೇ ದೇವೀರಿ ದಂಡವನ್ನು ಮೊಣಕಾಲಿಗೆ ಕೊಟ್ಟು ಮುರಿದಳು. ಕದ್ದ ದಿನಗಳೆಲ್ಲ ಅವರವರ ಆಯುಸ್ಸಿಗೆ ವಾಪಸಾದವು. ಧೂಮಾಕ್ಷ ಮುದುಕನಾಗಿ, ಎಲುಬಿನ ಗೂಡಾಗಿ, ಹಿಡಿ ಬೂದಿಯಾದ.

ಹೊರಗೆ ಒಂದು ಹೆಗಲಭೂತ ದಿಕ್ಕು ತೋಚದೆ ನಿಂತಿತ್ತು. ಕೋಟೆಬೀದಿಗೆ ನಡಿ ಅಂದಳು. ಆ ಕಡೆ ಬರಲ್ಲ ಅಂತು. ದೇವೀರಿ ಸುಮ್ಮನೆ ಅದರ ಮುಖವನ್ನೇ ನೋಡಿದಳು. ಭೂತ ತೆಪ್ಪಗೆ ಹೆಗಲು ಬಗ್ಗಿಸಿತು.

ಅವಳು ಸೇರುವ ಹೊತ್ತಿಗೆ ಬಂಡಿ ಸೇತುವೆಯ ಕಡೆ ತಿರುಗುತ್ತಿತ್ತು, ಅಚ್ಚು ಲಟಲಟ ಅನ್ನುತ್ತಿತ್ತು. ಚಾವಡಿಯವರು ಎಸೆದ ಸುತ್ತಿಗೆ, ಹೊಸ ಮರದ ತುಂಡು ಎರಡನ್ನೂ ಹಿಡಿದು ಬಂಡಿಗೆ ಹಾರಿದಳು. ಓಡುವ ಚಕ್ರದ ಪಕ್ಕ ನೇತಾಡುತ್ತಾ ತುಂಡನ್ನು ಜಡಿದಳು. ಮೊದಲ ಏಟಿಗೆ ಕಿಡಿ ಹಾರಿತು, ಎರಡನೆಯದಕ್ಕೆ ವೇಗ ಇಳಿಯಿತು, ಮೂರನೆಯದಕ್ಕೆ ಅಚ್ಚು ಮುರಿದು ಬಂಡಿ ಸೇತುವೆಯ ಅಂಚಲ್ಲಿ ನಿಂತಿತು. ಹೊಂಬಯ್ಯ ಇಳಿದ. ನಿಂತ ನೆಲದ ಮೇಲೆ ನಿಲ್ಲಲಾಗದೆ ತಂಗಿಯ ಹೆಗಲು ಹಿಡಿದುಕೊಂಡು ಅತ್ತ.

ಅಷ್ಟರಲ್ಲಿ ರಾಜ ಅರಮನೆಯ ಪುರೋಹಿತರು, ಓಲಗ ಸಮೇತ ಬಂದ. ಸಂತೋಷ ತಡೆಯಲಾರದೆ, ಆ ಸುತ್ತಿಗೆ ಕೆಳಗಿಡಮ್ಮ, ಅದಕ್ಕೊಂದು ಮಹಾಪೂಜೆ ಮಾಡಿಸೋಣ ಅಂದ. ಇಷ್ಟೆಲ್ಲ ಆದಮೇಲೂ! ಇಂಥವರಿಗೆ ಏನು ಹೇಳ್ತೀರಿ?

"ಪೂಜೆ ಮಾಡಿಸಿ ಮಹಾರಾಜರೇ," ಅಂದಳು ದೇವೀರಿ. "ನಾನು ಕೆಳಗಿಡಲ್ಲ."

ಪುರೋಹಿತರು ರಾಜನ ಮುಖ ನೋಡಿದರು, ಅವಳ ಮುಖ ನೋಡಿದರು. ಆಮೇಲೆ ಹತ್ತಿರ ಬಂದು ಸುತ್ತಿಗೆಗೂ, ಅದನ್ನು ಹಿಡಿದಿದ್ದ ಮಸಿಗೈಗೂ ಒಟ್ಟಿಗೇ ಕುಂಕುಮ ಹಚ್ಚಿದರು. ಅವಳು ಹಾಗೇ ಹೋಗಿ ಮೊದಲ ಗಿಳಿಯ ಕತ್ತಿಗೆ ಎಣ್ಣೆ ಬಿಟ್ಟಳು. ಗಿಳಿ ಹಸಿರು ರೆಕ್ಕೆ ಬಿಚ್ಚಿತು. ಅಂದಿನಿಂದ ಆ ಊರಲ್ಲಿ ಆಯುಧಪೂಜೆ ನಡೆಯೋದೇ ಹಾಗೆ, ಕೆಲಸ ಮಾಡುತ್ತಿರುವ ಕೈಗೆ. ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು, ಬಂಡಿಯಲ್ಲಿ ಕೂರೋಕೆ ಜಾಗವೇ ಸಿಗಲ್ಲ ಅಂತ ದಿನಾ ಬೈಯುತ್ತಾ.