ನಾಲ್ಕು ಜನಕ್ಕೊಂದು ಕಾರು

ಮುಂದಿನ ಸೀಟಿನಲ್ಲಿದ್ದ ಫಿಸಿಯೋಥೆರಪಿಸ್ಟಳ ಕೂದಲು ಮತ್ತೆ ಹಾರಿ, ಪಕ್ಕದಲ್ಲಿ ಕಾರು ಓಡಿಸುತ್ತಿದ್ದವನ ಭುಜದ ಮೇಲೆ ಬಿತ್ತು. ಹಿಂದಿನ ಸೀಟಿನಲ್ಲಿ, ಕಿಟಕಿ ಬದಿಗೆ ಕೂತಿದ್ದ ಕನ್ನಡಕದಂಗಡಿಯವಳಿಗೆ ಮೈಯೆಲ್ಲ ಉರಿದುಹೋಯಿತು.

“ಸಾರಿ, ಗಾಳಿ ಜೋರು” ಎಂದಳು ಫಿಸಿಯೋ.

“ಪರವಾಗಿಲ್ಲ ಬಿಡಿ” ಎಂದ ಅವನು.

ಪರವಾಗಿಲ್ಲವಂತೆ. ಹಿಂದೆ ಇವಳ ಪಕ್ಕದಲ್ಲಿ, ಬೀದಿಯವರೆಲ್ಲ ಮಾವ ಎಂದು ಕರೆಯುವ ಬ್ಯಾಂಕಿನವರು ಗೊರಕೆ ಹೊಡೆಯುತ್ತಿದ್ದರು. ಕಾರು ಹೊರಟರೆ ಸಾಕು, ಅವರಿಗೆ ತೊಟ್ಟಿಲು ತೂಗಿದಂತೆ.

ತಪ್ಪು ಇವಳದ್ದೇ. ಎ.ಸಿ. ಬೇಡ, ಕಿಟಕಿ ತೆರೆದೇ ಹೋಗೋಣ ಎಂದು ನಿಯಮ ಮಾಡಿದವಳು ಇವಳು. ಹಿಂದಿನ ಬೇಸಿಗೆಯಲ್ಲಿ ಸೆಖೆ ತಡೆಯಲಾರದೆ ಬೀದಿಯವರೆಲ್ಲ ಸೇರಿ, ಭೂಮಿ ಹೀಗೆ ಕಾಯುತ್ತಾ ಹೋದರೆ ಗತಿಯೇನು, ನಮ್ಮ ಕೈಲಾಗುವುದೇನು ಎಂದು ಮಾತಾಡಿಕೊಂಡಿದ್ದರು. ಬಟ್ಟೆ ಒಣಗಿಸಲು ಮೆಷಿನ್ ಯಾಕೆ, ಹಗ್ಗ ಸಾಕು. ಕೆಟ್ಟಿದ್ದನ್ನು ಎಸೆಯುವ ಬದಲು ರಿಪೇರಿ ಮಾಡಿಸೋಣ. ಆಗ, ಕಟ್ಟಡಗಳ ನಕ್ಷೆ ಬರೆಯುವ ಮೂಲೆಮನೆಯ ಅವನೇ ಎದ್ದು ನಿಂತು, “ಒಂದೇ ಕಡೆ ಹೋಗೋಕೆ ನಾಲ್ಕು ಕಾರು ಯಾಕೆ? ನನ್ನದರಲ್ಲೇ ಬನ್ನಿ” ಎಂದಿದ್ದ. ಇವಳು ಅಂದು ಸಂಜೆಯೇ ತನ್ನ ಕಾರಿಗೆ ಹೊದಿಕೆ ಹಾಕಿದಳು. ಅದರಲ್ಲಿ ಭೂಮಿಯ ಮೇಲಿನ ಪ್ರೀತಿ ಎಷ್ಟು, ಅವನ ಮೇಲಿನದು ಎಷ್ಟು ಎಂದು ಕೇಳಬಾರದು.

ಐದು ತಿಂಗಳು ಮುಂದಿನ ಸೀಟು ಇವಳದ್ದಾಗಿತ್ತು. ಆಮೇಲೆ ಆಸ್ಪತ್ರೆಯ ಫಿಸಿಯೋ ಬಂದು ಸೇರಿದಳು. ಬಂದ ಮೊದಲ ದಿನವೇ ಅವನು ಇವಳತ್ತ ತಿರುಗಿ, “ನೀವು ಹಿಂದೆ ಕೂತ್ಕೊಳ್ತೀರಾ? ಕಿಟಕಿ ಹತ್ರ?” ಎಂದುಬಿಟ್ಟ. ತಾನಾಗಿಯೇ, ಯಾರೂ ಕೇಳದೆ.

ಅಂದಿನಿಂದ ಮೂರು ತಿಂಗಳು ಮುಖ ಊದಿಸಿಕೊಂಡು ಕಿಟಕಿಯಾಚೆ ನೋಡುತ್ತ ಕೂತ ಇವಳಿಗೆ, ಆಗೀಗ ಕದ್ದು ನೋಡಿದಾಗ ಕಂಡಿದ್ದು ಅವನ ಕತ್ತಿನ ಹಿಂಭಾಗ ಮಾತ್ರ. ಯಾರ ಕಣ್ಣು ಗಾಜಿನ ಯಾವ ಬಿಂದುವಿನಿಂದ ನೋಡುತ್ತದೆ ಎಂದು ಮಿಲಿಮೀಟರಿನಲ್ಲಿ ಅಳೆದು ಲೆನ್ಸ್ ಕೂರಿಸುವವಳು ಇವಳು. ಅವನ ಕಣ್ಣು ಎಲ್ಲಿದೆಯೆಂದು ಮಾತ್ರ ತಿಳಿಯದೆ ಒದ್ದಾಡಿದಳು. ಪಕ್ಕದವಳ ಮೇಲಲ್ಲದೆ ಇನ್ನೆಲ್ಲಿರುತ್ತದೆ?

“ಸೋಮವಾರದಿಂದ ನನ್ನ ಕಾರಲ್ಲೇ ಹೋಗ್ತೀನಮ್ಮ” ಎಂದಳು ಮನೆಯಲ್ಲಿ.

“ಯಾಕೇ, ಭೂಮಿ ತಣ್ಣಗಾಯ್ತಾ?”

“ನನಗೆ ಹೊಟ್ಟೆ ಉರೀತಿದೆ.”

“ಹಾಗಾದ್ರೆ ಅವನಿಗೆ ಹೇಳು. ಕಾರೇನು ಮಾಡುತ್ತೆ?”

“ಸತ್ರೂ ಹೇಳಲ್ಲ.”

ಮರುದಿನ ಇವಳು ಅವನಿಗೆ ಹೇಳಿದ್ದು ಸೋಮವಾರದ ಮಾತಷ್ಟೇ. ಅವನ ಮುಖ ಸಣ್ಣದಾಯಿತು. “ನಿಮ್ಮಿಷ್ಟ” ಎಂದ. ತಡೆಯುತ್ತಾನೇನೋ ಎಂದು ಕಾದಿದ್ದವಳಿಗೆ ಅಳುವೇ ಬಂತು.

ಶುಕ್ರವಾರ ಅವನು ಬಲಗೈ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದ. ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಜಾರಿಬಿದ್ದನಂತೆ.

“ಎರಡು ವಾರ ಸ್ಟೀರಿಂಗ್ ಮುಟ್ಟೋ ಹಾಗಿಲ್ಲ” ಎಂದಳು ಫಿಸಿಯೋ, ಅವನ ಕೈ ಹಿಡಿದು ತಿರುಗಿಸಿ ನೋಡುತ್ತ. “ಕೀ ಕೊಡಿ, ನಾನೇ ಓಡಿಸ್ತೀನಿ.”

“ಏನೂ ಬೇಡ” ಎಂದು ಇವಳು ಕೀ ಕಸಿದುಕೊಂಡಳು. “ನಾನು ಓಡಿಸ್ತೀನಿ. ಹೇಗೂ ಇವತ್ತು ನಂದು ಕೊನೇ ದಿನ.”

ಅವನು ಗಡಿಬಿಡಿಯಿಂದ ಮುಂದೆ ಬಂದು ಕೂತ. ಫಿಸಿಯೋ ಹಿಂದೆ, ಇವಳು ಕೂರುತ್ತಿದ್ದ ಕಿಟಕಿ ಬದಿಗೆ ಹೋಗಿ ಕೂತಳು. ಮಾವ ಆಗಲೇ ಕಣ್ಣು ಮುಚ್ಚಿದ್ದರು.

“ಒಂದ್ನಿಮಿಷ, ಆ ಕನ್ನಡಿ…” ಎಂದು ಅವನು ಎಡಗೈ ಚಾಚಿದ.

“ಸುಮ್ಮನೆ ಕೂತ್ಕೊಳ್ಳಿ, ಕನ್ನಡಿ ನಾನೇ ನೋಡ್ಕೊಳ್ತೀನಿ.”

ಕಾರು ಸ್ಟಾರ್ಟ್ ಮಾಡಿ, ಹಿಂದಿನಿಂದ ಯಾರಾದರೂ ಬರುತ್ತಿದ್ದಾರೆಯೇ ಎಂದು ನಡುವಿನ ಕನ್ನಡಿ ನೋಡಿದಳು. ರಸ್ತೆ ಕಾಣಲಿಲ್ಲ. ಹಿಂದಿನ ಗಾಜೂ ಕಾಣಲಿಲ್ಲ. ಕಂಡಿದ್ದು ಕಿಟಕಿ ಬದಿಯ ಸೀಟು, ಅದರಲ್ಲಿ ಫಿಸಿಯೋ ಮುಖ, ಚೌಕಟ್ಟು ಹಾಕಿಸಿದಂತೆ.

ಓಹೋ, ನೋಡೋಕೆ ಇಷ್ಟೊಂದು ಏರ್ಪಾಡಾ ಎಂದು ಹಲ್ಲು ಕಚ್ಚಿದಳು. ಗೇರ್ ಹಾಕಿದಳು. ಆಮೇಲೆ ಹೊಳೆಯಿತು: ಫಿಸಿಯೋ ಅಲ್ಲಿ ಕೂತಿರುವುದು ಇವತ್ತೊಂದೇ ದಿನ. ಮೂರು ತಿಂಗಳಿಂದ ಆ ಸೀಟಿನಲ್ಲಿ ಕೂತಿದ್ದವಳು ತಾನು.

ಕ್ಲಚ್ ಮೇಲಿನ ಕಾಲು ಜಾರಿತು. ಕಾರು ಒಮ್ಮೆ ಜಿಗಿದು ನಿಂತಿತು.

“ಬಂತಾ ಬ್ಯಾಂಕು?” ಎಂದರು ಮಾವ.

“ಇನ್ನೂ ನಮ್ಮ ಬೀದಿಯೇ ದಾಟಿಲ್ಲ, ಮಲಗಿ ಮಾವ” ಎಂದಳು ಫಿಸಿಯೋ.

ಅವನು ಕಿಟಕಿಯಾಚೆ ನೋಡುತ್ತ ಕೂತಿದ್ದ. ಕಿವಿ ಕೆಂಪಾಗಿತ್ತು. ಇವಳು ಕನ್ನಡಿಯನ್ನು ರಸ್ತೆಗೆ ತಿರುಗಿಸಿಕೊಂಡು ಮತ್ತೆ ಕಾರು ಹೊರಡಿಸಿದಳು. ಬ್ಯಾಂಕು ಬಂದಾಗ ಮಾವ ಇಳಿದರು. ಆಸ್ಪತ್ರೆಯ ಹತ್ತಿರ ಫಿಸಿಯೋ ಇಳಿದು, ಇವಳ ಕಿಟಕಿಗೆ ಬಗ್ಗಿದಳು.

“ಮೂರು ತಿಂಗಳು ಪಕ್ಕದಲ್ಲೇ ಕೂತಿದ್ದೆ. ಒಂದ್ಸಲಾನೂ ನನ್ನ ಕಡೆ ನೋಡಿಲ್ಲ, ಪುಣ್ಯಾತ್ಮ. ನಂಗೂ ಬೇಜಾರಾಗಲ್ವಾ? ಇವತ್ತಾದ್ರೂ ಇವರ ಬಾಯಿ ಬಿಡಿಸಿ.”

ಅವಳು ಹೋದಳು. ಇವಳು ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು.

“ಹಿಂದೆ ಏನು ಬರ್ತಿದೆ ಅಂತ ಗೊತ್ತಿಲ್ಲದೆ ಮೂರು ತಿಂಗಳು ಓಡಿಸಿದ್ರಾ?”

“ಎರಡೂ ಪಕ್ಕದಲ್ಲಿ ಕನ್ನಡಿ ಇದಾವಲ್ಲ.”

“ನನ್ನನ್ನ ಹಿಂದೆ ಯಾಕೆ ಕಳಿಸಿದ್ರಿ?”

ಅವನು ಬ್ಯಾಂಡೇಜನ್ನು ಕೆದಕಿದ. “ನೀವು ಪಕ್ಕದಲ್ಲಿದ್ರೆ ನೋಡೋಕೆ ಕತ್ತು ತಿರುಗಿಸಬೇಕು. ಹಾಗೆ ತಿರುಗಿಸಿ ಎರಡು ಸಲ ಕೆಂಪು ಸಿಗ್ನಲ್ ದಾಟಿದೆ. ಮೂರನೇ ಸಲ ಏನಾಗುತ್ತೋ ಅಂತ ಭಯ ಆಯ್ತು.”

“ಬಾಯಿ ಇತ್ತಲ್ಲ. ಹೇಳಬಹುದಿತ್ತು.”

“ನೀವು ದಿನಾ ಮುಖ ಊದಿಸ್ಕೊಂಡು ಕೂತಿರ್ತಿದ್ರಿ. ನನ್ನ ಕಂಡ್ರೇ ಆಗಲ್ಲ ಅಂದ್ಕೊಂಡೆ.”

“ಹೊಟ್ಟೆಕಿಚ್ಚು ರೀ ಅದು” ಎಂದಳು. “ನನಗೆ ನೀವು ಬೇಕು. ಅದಕ್ಕೇ ಊದಿಸ್ಕೊಂಡಿದ್ದೆ.”

ಅವನು ಈಗ ಕತ್ತನ್ನು ಪೂರ್ತಿ ತಿರುಗಿಸಿ ನೋಡಿದ. ಇವಳ ಕೆನ್ನೆ ಬೆಚ್ಚಗಾಯಿತು.

“ಸೋಮವಾರ ನಿಮ್ಮ ಕಾರು ತೆಗೀತೀರಾ?” ಎಂದು ಮೆಲ್ಲಗೆ ಕೇಳಿದ.

“ಇಲ್ಲ. ಇದೂ ಬೇಡ ನಮಗೆ. ಬಸ್ಸಲ್ಲಿ ಹೋಗೋಣ. ಓಡಿಸೋರು ಬೇರೆ ಇರ್ತಾರೆ, ನೀವು ನನ್ನ ಪಕ್ಕ ಕೂತು ಎಷ್ಟು ಬೇಕಾದ್ರೂ ನೋಡಿ.”

“ಹಾಗಾದ್ರೆ ಕೀ ಫಿಸಿಯೋ ಕೈಗೆ ಕೊಟ್ಟು ಬರ್ತೀನಿ, ಮಾವನ್ನ ಅವರೇ ಕರ್ಕೊಂಡು ಹೋಗ್ಲಿ.”

“ನೀವು ಕೊಡಬೇಡಿ. ನಾನೇ ಕೊಡ್ತೀನಿ.”

ಅವನು ನಕ್ಕ. ಇವಳು ನಗಲಿಲ್ಲ.

“ನಗಬೇಡಿ. ನಾನಿರೋದೇ ಹೀಗೆ. ಮುಂದಕ್ಕೂ ಹೀಗೇ ಇರ್ತೀನಿ.”

ಅವನು ನೋವಿರುವ ಕೈಯಿಂದಲೇ ಇವಳ ಕೈ ಹಿಡಿದುಕೊಂಡ.

“ಇರಿ” ಎಂದ. “ಜೀವನ ಪೂರ್ತಿ ಇರಿ.”